ಕೇಬಲ್ ಟಿವಿ ವೈರಿನಿಂದ ಮನೆಯ ಎಫ್‌ಎಂ ರೇಡಿಯೊ ಚೊಕ್ಕವಾಗಿ ಕೇಳಿಸಿಕೊಳ್ಳುವುದು ಹೇಗೆ?

ರೇಡಿಯೊ ಕಿಟಕಿ ಹತ್ತಿರ ಇದ್ದಾಗ ಚೆನ್ನಾಗಿ ಹಾಡುತ್ತದೆ. ಅದನ್ನೇ ನಾಲ್ಕು ಅಡಿ ಒಳಗೆ ತಂದಿಟ್ಟರೆ ಕೊರಕೊರ ಶುರುವಾಗುತ್ತದೆ. ಪಕ್ಕದಲ್ಲಿ ನಾವು ನಿಂತರೆ ಸರಿ, ಎದ್ದು ಹೋದ ಕೂಡಲೇ ಮತ್ತೆ ಕೆಡುತ್ತದೆ. ಕಡ್ಡಿ ಆಂಟೆನಾವನ್ನು ಆ ಕಡೆ ಈ ಕಡೆ ತಿರುಗಿಸುತ್ತಾ ಕೂತಾಗ ಕಣ್ಣು ಗೋಡೆಯ ಮೂಲೆಗೆ ಹೋಗುತ್ತದೆ. ಅಲ್ಲಿ ಕೇಬಲ್ ಟಿವಿಯ ವೈರ್ ಇದೆ. ಟಿವಿಗೆ ಅಷ್ಟೊಂದು ಚಾನೆಲ್ ತಂದುಕೊಡುವ ವೈರ್ ರೇಡಿಯೊಗೂ ಸ್ವಲ್ಪ ಸಿಗ್ನಲ್ ಕೊಡಬಹುದು, ಅಲ್ವಾ?

ಕೊಡಬಹುದು. ಆದರೆ ಆ ವೈರಿನೊಳಗೆ ರೇಡಿಯೊ ಬರುತ್ತಿದೆಯೋ ಇಲ್ಲವೋ ಅನ್ನುವುದನ್ನು ತಿಳಿದುಕೊಂಡೇ ಕೆಲಸಕ್ಕೆ ಇಳಿಯಬೇಕು. ಬರುತ್ತಿದ್ದರೆ ಒಂದು ಸ್ಪ್ಲಿಟರ್ (ಒಂದು ವೈರಿನ ಸಿಗ್ನಲ್ಲನ್ನು ಎರಡು ಪಾಲು ಮಾಡುವ ಪುಟ್ಟ ಡಬ್ಬಿ), ಸ್ವಲ್ಪ ವೈರ್, ಅರ್ಧ ಗಂಟೆ ಸಾಕು. ಬರದಿದ್ದರೆ ಎಷ್ಟು ಜೋಡಿಸಿದರೂ ಪ್ರಯೋಜನ ಇಲ್ಲ, ಬೇರೆ ದಾರಿ ಹಿಡಿಯಬೇಕು. ಆ ದಾರಿಗಳನ್ನೂ ಕೆಳಗೆ ಹೇಳಿದ್ದೇನೆ. ಸುಮ್ನೆ ಒಂದು ತಂತಿ ತೂರಿಸಿ ನೋಡೋಣ ಅನ್ನುವುದು ಮಾತ್ರ ಬೇಡ. ಅದನ್ನು ನಾನು ಮಾಡಿ ನೋಡಿದ್ದೇನೆ, ಹಾಗಾಗಿ ಹೇಳುತ್ತಿದ್ದೇನೆ.

ವೈರಿನೊಳಗೆ ಏನು ಹರಿಯುತ್ತದೆ?

ಕೇಬಲ್ ಟಿವಿ ಹುಟ್ಟಿದ್ದೇ ಸಿಗ್ನಲ್ ಸಿಗದ ಕಷ್ಟದಿಂದ. 1948ರ ಸುಮಾರಿಗೆ ಅಮೆರಿಕದಲ್ಲಿ ಗುಡ್ಡಗಳ ಮರೆಯಲ್ಲಿದ್ದ ಊರುಗಳಿಗೆ ಟಿವಿ ಸಿಗ್ನಲ್ ತಲುಪುತ್ತಿರಲಿಲ್ಲ. ಎತ್ತರದ ಜಾಗದಲ್ಲಿ ಒಂದು ಆಂಟೆನಾ ನಿಲ್ಲಿಸಿ, ಅಲ್ಲಿಂದ ಮನೆಮನೆಗೆ ವೈರ್ ಎಳೆದರು. ಇಡೀ ಊರಿಗೆ ಒಂದೇ ಆಂಟೆನಾ. ಟಿವಿಗೆ ಆಗುವುದು ರೇಡಿಯೊಗೂ ಆಗುತ್ತದೆ ಅಂತ ಎಷ್ಟೋ ಆಪರೇಟರುಗಳು ಮುಂದೆ ಅದೇ ವೈರಿನಲ್ಲಿ ಎಫ್‌ಎಂ ಸ್ಟೇಷನ್‌ಗಳನ್ನೂ ಕಳಿಸತೊಡಗಿದರು.

ಇದು ಸುಲಭವಾಗಿದ್ದಕ್ಕೆ ಕಾರಣ ಇದೆ. ಬಹುತೇಕ ದೇಶಗಳಲ್ಲಿ ಎಫ್‌ಎಂ ರೇಡಿಯೊ 87.5ರಿಂದ 108 ಮೆಗಾಹರ್ಟ್ಸ್ ನಡುವೆ ಬರುತ್ತದೆ. ಕೇಬಲ್ ವೈರ್ ಸುಮಾರು 50ರಿಂದ 860 ಮೆಗಾಹರ್ಟ್ಸ್‌ವರೆಗೆ, ಹೊಸ ಜಾಲಗಳಲ್ಲಿ ಇನ್ನೂ ಮೇಲಿನವರೆಗೆ ಸಿಗ್ನಲ್ ಹೊರುತ್ತದೆ. ಎಫ್‌ಎಂ ಜಾಗ ಇದರೊಳಗೇ ಬಿದ್ದಿದೆ. ಆ ಜಾಗವನ್ನು ಆಪರೇಟರ್ ಹೇಗೆ ಬಳಸಿದ್ದಾರೆ ಅನ್ನುವುದರ ಮೇಲೆ ನಮ್ಮ ಕೆಲಸ ನಿಂತಿದೆ. ಕೆಲವರು ಅಲ್ಲಿ ನಿಜವಾಗಿ ರೇಡಿಯೊ ಸ್ಟೇಷನ್‌ಗಳನ್ನು ಕೂರಿಸಿರುತ್ತಾರೆ. ಕೆಲವರು ಅಲ್ಲೂ ಟಿವಿ ಚಾನೆಲ್ ಅಥವಾ ಇಂಟರ್‌ನೆಟ್ ಡೇಟಾ ತುಂಬಿರುತ್ತಾರೆ. ಇನ್ನು ಕೆಲವರು ಖಾಲಿ ಬಿಟ್ಟಿರುತ್ತಾರೆ. ಡಿಜಿಟಲ್ ಬಂದ ಮೇಲೆ ಮೊದಲನೆಯ ಬಗೆ ಕಡಿಮೆಯಾಗಿದೆ. ಹಾಗಂತ ಪರೀಕ್ಷೆ ಮಾಡದೆ ಕೈಬಿಡಬೇಡಿ.

ಮೀಡಿಯಂ ವೇವ್ ಕೇಳುವವರಿಗೆ ಈ ವೈರಿನಿಂದ ಉಪಯೋಗ ಇಲ್ಲ. ಮೀಡಿಯಂ ವೇವ್ ಇರುವುದು 530ರಿಂದ 1600 ಕಿಲೊಹರ್ಟ್ಸ್ ಸುತ್ತಮುತ್ತ, ಅಂದರೆ ಕೇಬಲ್ ಶುರುವಾಗುವುದಕ್ಕಿಂತ ಎಷ್ಟೋ ಕೆಳಗೆ. ಅದಕ್ಕೆ ಆಂಟೆನಾ ಆಗಿ ರೇಡಿಯೊದೊಳಗೇ ಒಂದು ಫೆರೈಟ್ ಕಡ್ಡಿ ಇರುತ್ತದೆ. ಇಡೀ ರೇಡಿಯೊವನ್ನೇ ನಿಧಾನವಾಗಿ ತಿರುಗಿಸಿ, ಸದ್ದು ಚೊಕ್ಕವಾಗಿರುವ ದಿಕ್ಕಿಗೆ ನಿಲ್ಲಿಸಿ. ಎಲ್‌ಇಡಿ ಬಲ್ಬು, ಚಾರ್ಜರ್, ಸೆಟ್ ಟಾಪ್ ಬಾಕ್ಸ್‌ಗಳಿಂದ ದೂರ ಇಡಿ. ಮುಂದೆ ಹೇಳುವುದೆಲ್ಲ ಎಫ್‌ಎಂಗೆ ಮಾತ್ರ.

ಮೊದಲ ಹೆಜ್ಜೆ: ಈಗಿನ ಸ್ಥಿತಿ ಬರೆದುಕೊಳ್ಳಿ

ಒಂದು ಹಾಳೆ ತೆಗೆದುಕೊಳ್ಳಿ. ರೇಡಿಯೊ ಸಾಮಾನ್ಯವಾಗಿ ಇಡುವ ಜಾಗದಲ್ಲೇ ಇಟ್ಟು, 88ರಿಂದ 108ರವರೆಗೆ ನಿಧಾನವಾಗಿ ಹೋಗಿ. ಸಿಕ್ಕ ಪ್ರತಿ ಸ್ಟೇಷನ್ನಿನ ಸಂಖ್ಯೆ ಬರೆದು, ಪಕ್ಕದಲ್ಲಿ ಹೇಗೆ ಕೇಳಿಸುತ್ತಿದೆ ಅಂತ ಗುರುತು ಹಾಕಿ. ಚೊಕ್ಕ, ಸ್ವಲ್ಪ ಕೊರಕೊರ, ಬರೀ ಸದ್ದು. ಇಷ್ಟೇ ಸಾಕು. ಈ ಪಟ್ಟಿ ಇಲ್ಲದಿದ್ದರೆ ಆಮೇಲೆ ನಿಜವಾಗಿ ಸುಧಾರಿಸಿದೆಯೋ, ನಮಗೆ ಹಾಗೆ ಅನಿಸುತ್ತಿದೆಯೋ ಗೊತ್ತಾಗುವುದಿಲ್ಲ.

ಕಿವಿಗೊಟ್ಟು ಇನ್ನೊಂದು ವಿಷಯ ಗಮನಿಸಿ. ಸೊಂಯ್ ಅನ್ನುವ ಸದ್ದು ಹಿಂದೆ ಒಂದೇ ಸಮ ಇದ್ದರೆ ಸಿಗ್ನಲ್ ಕಡಿಮೆ ಅಂತ ಅರ್ಥ. ಸದ್ದು ಜೋರಾಗಿಯೇ ಇದ್ದು, ಮಾತಿನಲ್ಲಿ ‘ಸ’, ‘ಶ’ ಬಂದಾಗ ಮಾತ್ರ ಹರಿದ ಹಾಗೆ ಕೇಳಿಸಿದರೆ ಅದು ಬೇರೆ ಕಾಯಿಲೆ. ಒಂದೇ ಸಿಗ್ನಲ್ ನೇರವಾಗಿಯೂ ಬಂದು, ಎದುರಿನ ಕಟ್ಟಡಕ್ಕೆ ಬಡಿದು ತಡವಾಗಿಯೂ ಬರುತ್ತಿದೆ. ಎರಡು ಸೇರಿ ಕೆಡಿಸುತ್ತಿವೆ. ಇಂಥ ಕಡೆ ಸಿಗ್ನಲ್ ಜಾಸ್ತಿ ಮಾಡಿದರೆ ಪ್ರಯೋಜನ ಇಲ್ಲ. ಆಂಟೆನಾದ ಜಾಗ ಅಥವಾ ದಿಕ್ಕು ಬದಲಾಗಬೇಕು. ಕೇಬಲ್ಲಿನಲ್ಲಿ ಬರುವ ಎಫ್‌ಎಂ ಈ ಕಾಯಿಲೆಗೆ ಒಳ್ಳೆಯ ಮದ್ದು. ಅವರ ಆಂಟೆನಾ ಎತ್ತರದಲ್ಲಿ, ಸ್ಟೇಷನ್ ಕಡೆ ಮುಖ ಮಾಡಿ ನಿಂತಿರುತ್ತದೆ.

ರೇಡಿಯೊದಲ್ಲಿ ಸ್ಟೀರಿಯೊ–ಮೊನೊ ಬಟನ್ ಇದ್ದರೆ ಮೊನೊಗೆ ಹಾಕಿ ನೋಡಿ. ಸ್ಟೀರಿಯೊ ಚೆನ್ನಾಗಿ ಬರಲು ಮೊನೊಗಿಂತ ಎಷ್ಟೋ ಪಾಲು ಬಲವಾದ ಸಿಗ್ನಲ್ ಬೇಕು. ಬಟನ್ ಒತ್ತಿದ ಕೂಡಲೇ ಸೊಂಯ್ ನಿಂತುಹೋದರೆ, ಅಷ್ಟರಲ್ಲೇ ನಿಮಗೆ ಸಮಾಧಾನವಾದರೆ, ವೈರ್ ಕೆಲಸವೇ ಬೇಕಾಗಿಲ್ಲ. ಒಂದೇ ಸ್ಪೀಕರ್ ಇರುವ ರೇಡಿಯೊಗಂತೂ ಮೊನೊ ಹಾಕಿದರೆ ಕಳೆದುಕೊಳ್ಳುವುದು ಏನೂ ಇಲ್ಲ.

ಎರಡನೆಯದು: ಅದು ಯಾವ ವೈರ್ ಅಂತ ನೋಡಿ

ಕಪ್ಪು ಅಥವಾ ಬಿಳಿ ದಪ್ಪ ವೈರ್ ಬಂದಿದೆ ಅಂದ ಮಾತ್ರಕ್ಕೆ ಅದು ಕೇಬಲ್ ಅಂತ ಅಲ್ಲ. ಚಾವಣಿಯ ಮೇಲಿನ ಡಿಶ್‌ನಿಂದ ಬರುವ ವೈರ್ ಕೂಡ ನೋಡಲು ಹೀಗೇ ಇರುತ್ತದೆ. ಅದರಲ್ಲಿ ಹರಿಯುವುದು 950 ಮೆಗಾಹರ್ಟ್ಸ್‌ಗಿಂತ ಮೇಲಿನ ಸಿಗ್ನಲ್. ಎಫ್‌ಎಂ ಇರುವುದೇ ಇಲ್ಲ. ಅದೂ ಅಲ್ಲದೆ ಡಿಶ್‌ನ ತಲೆಗೆ ಕರೆಂಟ್ ಕೊಡಲು ಬಾಕ್ಸ್‌ನಿಂದ ಅದೇ ವೈರಿನಲ್ಲಿ 13 ಅಥವಾ 18 ವೋಲ್ಟ್ ಹೋಗುತ್ತಿರುತ್ತದೆ. ಅದಕ್ಕೆ ರೇಡಿಯೊ ಜೋಡಿಸಿದರೆ ರೇಡಿಯೊ ಹಾಳಾಗಬಹುದು. ಡಿಶ್ ವೈರ್ ಮುಟ್ಟಬೇಡಿ.

ಮನೆಗೆ ಬರುವುದು ತೆಳ್ಳಗಿನ ಫೈಬರ್ ಆಗಿದ್ದು, ಟಿವಿ ಇಂಟರ್‌ನೆಟ್ ಮೂಲಕವೇ ಬರುತ್ತಿದ್ದರೆ ಅಲ್ಲೂ ಎಫ್‌ಎಂ ಸಿಗುವುದಿಲ್ಲ. ಫೈಬರ್ ಡಬ್ಬದಿಂದ ಟಿವಿಗೆ ಅಂತ ದಪ್ಪ ವೈರ್ ಹೊರಡುವ ಸೌಕರ್ಯ ಕೆಲವು ಕಡೆ ಇರುತ್ತದೆ. ಹಾಗಿದ್ದರೆ ಅದನ್ನು ಕೇಬಲ್ ಅಂತಲೇ ಭಾವಿಸಿ ಮುಂದಿನ ಪರೀಕ್ಷೆ ಮಾಡಬಹುದು.

ಗೋಡೆಯ ಸಾಕೆಟ್ಟಿನಲ್ಲಿ ಎರಡು ತೂತು ಇದ್ದು, ಒಂದಕ್ಕೆ ‘ಟಿವಿ’, ಇನ್ನೊಂದಕ್ಕೆ ‘ಆರ್’ ಅಥವಾ ‘ಎಫ್‌ಎಂ’ ಗುರುತು ಇದ್ದರೆ ನಿಮ್ಮ ಕೆಲಸ ಅರ್ಧ ಮುಗಿದಿದೆ. ರೇಡಿಯೊಗೆ ಅಂತಲೇ ಕೊಟ್ಟಿರುವ ತೂತು ಅದು. ಅಂಥ ಸಾಕೆಟ್ಟಿನ ‘ಟಿವಿ’ ತೂತಿನಿಂದ ರೇಡಿಯೊ ತೆಗೆಯಲು ಹೋಗಬೇಡಿ. ಅದರೊಳಗಿನ ಫಿಲ್ಟರ್ ಎಫ್‌ಎಂ ಭಾಗವನ್ನು ತಡೆದಿರಬಹುದು.

ಮೂರನೆಯದು: ಟೆಸ್ಟರ್ ಹಿಡಿದು ನೋಡಿ

ಇದನ್ನು ದಯವಿಟ್ಟು ಬಿಡಬೇಡಿ. ಕೇಬಲ್ ವೈರಿನ ತುದಿಯ ಲೋಹದ ಕನೆಕ್ಟರ್ ಮುಟ್ಟಿದಾಗ ಕೈ ಜುಮ್ ಅಂದ ಅನುಭವ ನಿಮಗೂ ಆಗಿರಬಹುದು. ಸೆಟ್ ಟಾಪ್ ಬಾಕ್ಸ್, ಟಿವಿಗಳ ಪವರ್ ಸಪ್ಲೈಯಲ್ಲಿ ಗದ್ದಲ ತಡೆಯಲು ಸಣ್ಣ ಕೆಪಾಸಿಟರುಗಳು ಇರುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ಅವುಗಳ ಮೂಲಕ ಸ್ವಲ್ಪ ಕರೆಂಟ್ ಹೊರಗಿನ ಲೋಹಕ್ಕೆ ಬಂದು, ವೈರಿನ ಜಾಲರಿಯ ಉದ್ದಕ್ಕೂ ಹರಡುತ್ತದೆ. ನಿಮ್ಮ ಮನೆಯ ಬಾಕ್ಸೇ ಆಗಬೇಕೆಂದಿಲ್ಲ, ಅದೇ ಲೈನಿನ ಇನ್ನೊಂದು ಮನೆಯದೂ ಇರಬಹುದು.

ಟಿವಿ, ಬಾಕ್ಸ್, ರೇಡಿಯೊ ಎಲ್ಲದರ ಪ್ಲಗ್ ಕಿತ್ತಿಡಿ. ಬರೀ ಕೇಬಲ್ ವೈರಿನ ಕನೆಕ್ಟರಿಗೆ ಟೆಸ್ಟರ್ ತಾಗಿಸಿ. ದೀಪ ಹತ್ತಿದರೆ ಅಲ್ಲಿಗೇ ನಿಲ್ಲಿಸಿ, ಆಪರೇಟರಿಗೆ ತಿಳಿಸಿ. ಅದು ಅವರು ಸರಿಮಾಡಬೇಕಾದ ತೊಂದರೆ. ದೀಪ ಹತ್ತದಿದ್ದರೆ ಮುಂದುವರಿಯಿರಿ. ಜೋಡಣೆ ಪೂರ್ತಿ ಮುಗಿಯುವವರೆಗೆ ಪ್ಲಗ್‌ಗಳು ಹೊರಗೇ ಇರಲಿ.

ನಾಲ್ಕನೆಯದು: ಕೇಬಲ್ಲಿನಲ್ಲಿ ಎಫ್‌ಎಂ ಇದೆಯಾ?

ಎಲ್ಲಕ್ಕಿಂತ ಸುಲಭ, ಕೇಬಲ್ ಕೆಲಸಕ್ಕೆ ಬರುವವರನ್ನೇ ಕೇಳುವುದು. “ನಿಮ್ಮ ಲೈನಿನಲ್ಲಿ ಎಫ್‌ಎಂ ಬರುತ್ತದಾ?” ಅಂದರೆ ಸಾಕು. ಸರಿಯಾದ ಉತ್ತರ ಸಿಗದಿದ್ದರೆ ನೀವೇ ನೋಡಬಹುದು. ಇದಕ್ಕೆ ಹಿಂದೆ ಆಂಟೆನಾ ಸಾಕೆಟ್ ಇರುವ ರೇಡಿಯೊ ಅಥವಾ ಮ್ಯೂಸಿಕ್ ಸಿಸ್ಟಂ ಬೇಕು. ಟಿವಿಯಿಂದ ವೈರ್ ಬಿಚ್ಚಿ, ಸ್ವಲ್ಪ ಹೊತ್ತಿಗೆ ಮಾತ್ರ ನೇರವಾಗಿ ರೇಡಿಯೊಗೆ ಹಾಕಿ. ಆಮೇಲೆ ಈ ಪರೀಕ್ಷೆಯ ಮಟ್ಟಿಗೆ ರೇಡಿಯೊದ ಪ್ಲಗ್ ಮಾತ್ರ ಹಾಕಿ, ಮೊದಲಿನಂತೆಯೇ 88ರಿಂದ 108ರವರೆಗೆ ಹೋಗಿ.

ಚೊಕ್ಕ ಸ್ಟೇಷನ್‌ಗಳು ಸಾಲಾಗಿ ಸಿಕ್ಕರೆ ಎಫ್‌ಎಂ ಇದೆ. ಅವು ನಿಮ್ಮ ಪಟ್ಟಿಯಲ್ಲಿದ್ದ ಸಂಖ್ಯೆಯಲ್ಲೇ ಇರಬೇಕೆಂದಿಲ್ಲ. ಗಾಳಿಯಲ್ಲಿ 93ರಲ್ಲಿರುವ ಸ್ಟೇಷನ್ ಕೇಬಲ್ಲಿನಲ್ಲಿ 97ರಲ್ಲಿ ಇರಬಹುದು. ಬೇಕೆಂದೇ ಹಾಗೆ ಮಾಡುತ್ತಾರೆ. ಎರಡೂ ಒಂದೇ ಕಡೆ ಇದ್ದರೆ, ರೇಡಿಯೊ ಗಾಳಿಯಿಂದಲೂ ಸ್ವಲ್ಪ ಎಳೆದುಕೊಂಡು ಎರಡನ್ನೂ ಕಲಸಿಬಿಡುತ್ತದೆ. ಹೊಸ ಸಂಖ್ಯೆಗಳನ್ನು ಪಟ್ಟಿಯಲ್ಲಿ ಬರೆದುಕೊಳ್ಳಿ.

ಸ್ಟೇಷನ್ ಒಂದೂ ಇಲ್ಲದೆ, ಸಿಗ್ನಲ್ ತೋರಿಸುವ ಗುರುತು ಮಾತ್ರ ತುಂಬಿ, ಆರೇಳು ಮೆಗಾಹರ್ಟ್ಸ್ ಉದ್ದಕ್ಕೂ ನುಣ್ಣಗೆ ‘ಶ್’ ಅಂತ ಬರುತ್ತಿದ್ದರೆ ಅದು ಡಿಜಿಟಲ್ ಸಿಗ್ನಲ್. ಎಷ್ಟೋ ಟಿವಿ ಚಾನೆಲ್ ಒಟ್ಟಿಗೆ ತುಂಬಿಟ್ಟಿರುವ ಜಾಗ ಅದು. ರೇಡಿಯೊಗೆ ಅದು ಅರ್ಥವಾಗುವುದಿಲ್ಲ. ಒಂದು ಕಡೆ ಗುರ್ರ್ ಅಂತ, ಸ್ವಲ್ಪ ಮೇಲಕ್ಕೆ ಹೋದರೆ ಟಿವಿ ಕಾರ್ಯಕ್ರಮದ ಮಾತು ಮೆಲ್ಲಗೆ ಕೇಳಿಸಿದರೆ, ಅಲ್ಲಿ ಇನ್ನೂ ಹಳೆಯ ಅನಲಾಗ್ ಟಿವಿ ಚಾನೆಲ್ ಇದೆ. ಅನಲಾಗ್ ಟಿವಿಯ ದನಿಯೂ ಎಫ್‌ಎಂ ಬಗೆಯದೇ. ಆದ್ದರಿಂದ ರೇಡಿಯೊಗೆ ಅದು ಸಿಗುತ್ತದೆ. ಸದ್ದು ಮಾತ್ರ ಸಣ್ಣದು.

ಏನೂ ಇಲ್ಲದೆ ಬರೀ ಸೊಂಯ್ ಅಂದರೆ ಖಾಲಿ ಜಾಗ. ಆಗಲೂ ಒಂದು ಪ್ರಶ್ನೆ ಉಳಿಯುತ್ತದೆ. ಮನೆಯೊಳಗೆ ಕೇಬಲ್ ಬೂಸ್ಟರ್ ಹಾಕಿದ್ದೀರಾ? ಕೆಲವು ಬೂಸ್ಟರುಗಳಲ್ಲಿ ಎಫ್‌ಎಂ ತಡೆಯುವ ಸ್ವಿಚ್ ಇರುತ್ತದೆ. ಟಿವಿಗೆ ಎಫ್‌ಎಂ ಕಾಟ ಕೊಡದಿರಲಿ ಅಂತ ಇಟ್ಟದ್ದು. ಅದನ್ನು ಬದಲಿಸಿ, ಇಲ್ಲವೇ ಬೂಸ್ಟರಿಗಿಂತ ಮುಂಚೆಯೇ ವೈರ್ ತೆಗೆದು, ಇನ್ನೊಮ್ಮೆ ನೋಡಿ.

ಐದನೆಯದು: ಸ್ಪ್ಲಿಟರ್ ಮತ್ತು ಕನೆಕ್ಟರ್

ನಾನು ಮೊದಲ ಸಲ ಮಾಡಿದಾಗ ಸ್ಪ್ಲಿಟರ್ ಹಾಕಲಿಲ್ಲ. ಟಿವಿಗೆ ಹೋಗುವ ವೈರಿನ ಸಿಪ್ಪೆ ಬಿಡಿಸಿ, ನಡುವಿನ ತಂತಿಗೆ ಒಂದು ಸಾದಾ ತಂತಿ ಸುತ್ತಿ, ಅದರ ಇನ್ನೊಂದು ತುದಿಯನ್ನು ರೇಡಿಯೊದ ಕಡ್ಡಿಗೆ ಕಟ್ಟಿದೆ. ರೇಡಿಯೊ ಆಗಲೇ ಜೋರಾಗಿ ಹಾಡಿತು. ಸಂಜೆ ಟಿವಿ ಹಾಕಿದರೆ ಕೆಲವು ಚಾನೆಲ್ಲುಗಳ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿತ್ತು. ಮಿಕ್ಕವು ಸರಿಯಾಗಿದ್ದವು. ಬಾಕ್ಸ್ ಕೆಟ್ಟಿದೆ ಅಂದುಕೊಂಡೆವು. ಬಂದ ಹುಡುಗ ಬಾಕ್ಸ್ ಮುಟ್ಟಲೇ ಇಲ್ಲ. ನೇರ ನನ್ನ ಗಂಟಿನ ಹತ್ತಿರ ಹೋಗಿ, ಅದನ್ನು ಬಿಚ್ಚಿ, ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದ. ಚಿತ್ರ ಸರಿಹೋಯಿತು.

ಯಾಕೆ ಹಾಗಾಯಿತು? ಕೇಬಲ್ ವೈರಿಗೆ 75 ಓಮ್ ಅನ್ನುವ ಒಂದು ಅಳತೆ ಇದೆ. ಉದ್ದಕ್ಕೂ ಅದೇ ಅಳತೆ ಇದ್ದರೆ ಸಿಗ್ನಲ್ ಸರಾಗವಾಗಿ ಹೋಗುತ್ತದೆ. ನಡುವೆ ಒಂದು ಸಾದಾ ತಂತಿ ಸುತ್ತಿದರೆ ಅಲ್ಲಿ ಅಳತೆ ತಪ್ಪಿ, ಸಿಗ್ನಲ್ಲಿನ ಒಂದು ಪಾಲು ಬಡಿದು ಹಿಂದಕ್ಕೆ ಓಡುತ್ತದೆ. ಕೆಲವು ಚಾನೆಲ್ಲಿಗೆ ಅದು ಸರಿಯಾಗಿ ಏಟು ಕೊಡುತ್ತದೆ, ಕೆಲವಕ್ಕೆ ಇಲ್ಲ. ಇನ್ನೂ ದೊಡ್ಡ ತೊಂದರೆ ಸೋರಿಕೆ. ಜಾಲರಿಯ ಹೊದಿಕೆ ಇಲ್ಲದ ತಂತಿ ಆಂಟೆನಾ ಆಗಿಬಿಡುತ್ತದೆ. ಹೊರಗಿನ ಗದ್ದಲ ಕೇಬಲ್ಲಿನೊಳಗೆ ನುಗ್ಗುತ್ತದೆ, ಕೇಬಲ್ಲಿನ ಸಿಗ್ನಲ್ ಹೊರಗೆ ಹರಡುತ್ತದೆ. ಎಫ್‌ಎಂ ಮುಗಿಯುವ 108 ಮೆಗಾಹರ್ಟ್ಸ್‌ನಿಂದಲೇ ವಿಮಾನಗಳು ಬಳಸುವ ರೇಡಿಯೊ ಜಾಗ ಶುರುವಾಗಿ 137ರವರೆಗೆ ಹೋಗುತ್ತದೆ. ಕೇಬಲ್ ಸೋರಿಕೆಯ ಮೇಲೆ ಕಣ್ಣಿಡುವುದಕ್ಕೆ ಇದೊಂದು ಮುಖ್ಯ ಕಾರಣ. ನನ್ನ ರೇಡಿಯೊ ಆ ದಿನ ಜೋರಾಗಿ ಹಾಡಿದ್ದೂ ಕೇಬಲ್ಲಿನ ಎಫ್‌ಎಂನಿಂದಲ್ಲ. ನಾನು ಕಟ್ಟಿದ ತಂತಿಯೇ ಗಾಳಿಯಿಂದ ಸಿಗ್ನಲ್ ಹಿಡಿಯುತ್ತಿತ್ತು.

ಹಾಗಾಗಿ ಎರಡು ದಾರಿಯ ಸ್ಪ್ಲಿಟರ್ ತನ್ನಿ. ಅದರ ಮೇಲೆ 5ರಿಂದ 1000 ಮೆಗಾಹರ್ಟ್ಸ್ ಅಂತ ಬರೆದಿರಬೇಕು. 950ರಿಂದ ಶುರುವಾಗುವುದು ಡಿಶ್‌ನದು, ಅದು ಬೇಡ. ‘ಇನ್’ ಅಂತ ಇರುವಲ್ಲಿಗೆ ಗೋಡೆಯ ವೈರ್, ‘ಔಟ್’ ಒಂದಕ್ಕೆ ಟಿವಿ ಬಾಕ್ಸ್, ಇನ್ನೊಂದಕ್ಕೆ ರೇಡಿಯೊ. ಎರಡು ಪಾಲಾಗುವುದರಿಂದ ಪ್ರತಿ ಕಡೆ ಸಿಗ್ನಲ್ ಸುಮಾರು 3.5ರಿಂದ 4 ಡೆಸಿಬೆಲ್ (ಸಿಗ್ನಲ್ಲಿನ ಏರಿಳಿತದ ಅಳತೆ) ಕಡಿಮೆಯಾಗುತ್ತದೆ. ಸಿಗ್ನಲ್ ಸರಿಯಾಗಿರುವ ಮನೆಯಲ್ಲಿ ಟಿವಿಗೆ ಇದು ಗೊತ್ತೇ ಆಗುವುದಿಲ್ಲ. ನಾಲ್ಕು ದಾರಿಯದು ತಂದರೆ ನಷ್ಟ 7 ಡೆಸಿಬೆಲ್ ದಾಟುತ್ತದೆ. ಮುಂದೆ ಬೇಕಾಗಬಹುದು ಅಂತ ದೊಡ್ಡದು ತರಬೇಡಿ. ಇದ್ದದ್ದೇ ನಾಲ್ಕರದ್ದು ಅಂದರೆ ಖಾಲಿ ಬಾಯಿಗಳಿಗೆ 75 ಓಮ್ ಮುಚ್ಚಳ ಹಾಕಿ. ಅದೇ ವೈರಿನಲ್ಲಿ ಇಂಟರ್‌ನೆಟ್ ಮೋಡೆಮ್ ಕೂಡ ಇದ್ದರೆ, ಮೋಡೆಮ್‌ಗೆ ಹೋಗುವ ಕವಲನ್ನು ಮುಟ್ಟದೆ, ಟಿವಿಯ ಕವಲಿನಲ್ಲಿ ಮಾತ್ರ ಸ್ಪ್ಲಿಟರ್ ಹಾಕಿ.

ಮನೆಯೊಳಗಿನ ವೈರಿಗೆ ಮಾತ್ರ ಕೈ ಹಾಕಿ. ಕಂಬದ ಮೇಲಿನ, ಮೆಟ್ಟಿಲ ಬಳಿಯ ಡಬ್ಬ ಆಪರೇಟರಿನದು.

ಇನ್ನು ಕನೆಕ್ಟರ್. ಇಡೀ ಕೆಲಸದಲ್ಲಿ ಜಾಸ್ತಿ ಜನ ಎಡವುವುದು ಇಲ್ಲೇ. ರೇಡಿಯೊವರೆಗೆ ಬೇಕಾದಷ್ಟು ಆರ್‌ಜಿ-6 ವೈರ್ (ಟಿವಿಗೆ ಬಳಸುವ 75 ಓಮ್ ದಪ್ಪ ವೈರ್) ಕತ್ತರಿಸಿ. ತುದಿಯಿಂದ ಸುಮಾರು 12 ಮಿಲಿಮೀಟರ್ ಹಿಂದೆ ಹೊರಸಿಪ್ಪೆಯ ಸುತ್ತ ಬ್ಲೇಡನ್ನು ಮೆತ್ತಗೆ ಆಡಿಸಿ. ಒತ್ತಬೇಡಿ, ವೈರನ್ನೇ ಬ್ಲೇಡಿನ ಕೆಳಗೆ ಉರುಳಿಸಿ. ಸಿಪ್ಪೆ ಕಳಚಿಕೊಳ್ಳುತ್ತದೆ. ಅದರ ಕೆಳಗೆ ಸಣ್ಣ ಸಣ್ಣ ಎಳೆಗಳ ಜಾಲರಿ ಇದೆ. ಅದನ್ನು ಬೆರಳಿನಿಂದ ಬಿಡಿಸಿ, ಹಿಂದಕ್ಕೆ ಮಡಚಿ, ಸಿಪ್ಪೆಯ ಮೇಲೆ ಕೂರಿಸಿ. ಜಾಲರಿಯ ಕೆಳಗೆ ಬೆಳ್ಳಿಯಂತೆ ಹೊಳೆಯುವ ಫಾಯಿಲ್, ಅದರ ಒಳಗೆ ಬಿಳಿ ನೊರೆಯಂಥ ಪ್ಲಾಸ್ಟಿಕ್. ತುದಿಯ 6 ಮಿಲಿಮೀಟರ್ ಭಾಗದಲ್ಲಿ ಫಾಯಿಲ್ ಮತ್ತು ಬಿಳಿ ಪ್ಲಾಸ್ಟಿಕ್ ಎರಡನ್ನೂ ತೆಗೆದರೆ ನಡುವಿನ ತಂತಿ ಕಾಣುತ್ತದೆ. ಉಳಿದ ಫಾಯಿಲ್ ಹಾಗೇ ಅಂಟಿಕೊಂಡಿರಲಿ.

ಆ ತಂತಿಗೆ ಅಯಸ್ಕಾಂತ ಹಿಡಿದು ನೋಡಿ, ಅಂಟಿಕೊಳ್ಳುವುದು ಜಾಸ್ತಿ. ಒಳಗೆ ಉಕ್ಕು, ಮೇಲೆ ತಾಮ್ರದ ಲೇಪ. ಇಷ್ಟು ಮೆಗಾಹರ್ಟ್ಸ್‌ನಲ್ಲಿ ಸಿಗ್ನಲ್ ತಂತಿಯ ಮೈಮೇಲಷ್ಟೇ ಹರಿಯುತ್ತದೆ, ಒಳಕ್ಕೆ ಇಳಿಯುವುದಿಲ್ಲ. ಆದ್ದರಿಂದ ಆ ತೆಳ್ಳನೆಯ ತಾಮ್ರದ ಸಿಪ್ಪೆಯೇ ನಮಗೆ ಮುಖ್ಯ. ಬ್ಲೇಡ್ ತಾಗಿ ಅದು ಕಿತ್ತುಹೋದರೆ, ಬಿಳಿ ಗೀರು ಕಂಡರೆ, ಬೇಸರ ಮಾಡಿಕೊಳ್ಳದೆ ತುದಿ ಕತ್ತರಿಸಿ ಮತ್ತೆ ಮಾಡಿ. ಜಾಲರಿಯ ಒಂದೇ ಒಂದು ಎಳೆ ನಡುವಿನ ತಂತಿಗೆ ತಾಗಿದ್ದರೂ ಸಿಗ್ನಲ್ ಅಲ್ಲೇ ಸಾಯುತ್ತದೆ. ಕೂದಲಿನಷ್ಟು ಸಣ್ಣ ಎಳೆ, ಬರಿಗಣ್ಣಿಗೆ ಬೇಗ ಕಾಣುವುದಿಲ್ಲ. ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ.

ಎಫ್ ಕನೆಕ್ಟರನ್ನು (ಕೇಬಲ್ ಟಿವಿ ವೈರಿನ ತುದಿಗೆ ಹಾಕುವ ಲೋಹದ ತಲೆ) ತುದಿಗೆ ಒತ್ತಿ ತಳ್ಳಿ. ಕನೆಕ್ಟರಿನ ಬಾಯಿಯೊಳಗೆ ನೋಡಿದಾಗ ಬಿಳಿ ಪ್ಲಾಸ್ಟಿಕ್ ಒಳತಳದ ಮಟ್ಟಕ್ಕೆ ಬಂದಿರಬೇಕು, ತಂತಿ ಬಾಯಿಯಿಂದ ಎರಡು ಮೂರು ಮಿಲಿಮೀಟರ್ ಹೊರಗೆ ಚಾಚಿರಬೇಕು. ಆಮೇಲೆ ಅದರ ಪ್ಲೈಯರಿನಿಂದ ಒತ್ತಿಸಿ. ಪ್ಲೈಯರ್ ಇಲ್ಲದಿದ್ದರೆ ತಿರುಗಿಸಿ ಹಾಕುವ ಬಗೆಯ ಕನೆಕ್ಟರೂ ಸಿಗುತ್ತದೆ, ಮನೆಯೊಳಗೆ ಅದು ನಡೆಯುತ್ತದೆ. ಕೈಯಲ್ಲಿ ಎಳೆದರೆ ಅಲ್ಲಾಡಬಾರದು.

ಆರನೆಯದು: ರೇಡಿಯೊದ ಕಡೆ

ರೇಡಿಯೊ ಹಿಂದೆ 75 ಓಮ್ ದುಂಡು ಸಾಕೆಟ್ ಇದ್ದರೆ ಅದಕ್ಕೆ ಹೊಂದುವ ಪಿನ್ ಹಾಕಿ ಜೋಡಿಸಿದರೆ ಆಯಿತು. ಎರಡು ಸ್ಕ್ರೂ ಇದ್ದು, ಪಕ್ಕದಲ್ಲಿ 300 ಓಮ್ ಅಂತ ಬರೆದಿದ್ದರೆ ನಡುವೆ ಒಂದು ಪುಟ್ಟ ಮ್ಯಾಚಿಂಗ್ ಟ್ರಾನ್ಸ್‌ಫಾರ್ಮರ್ ಬೇಕು. ಇದನ್ನು ಬಾಲನ್ ಅಂತಲೂ ಕರೆಯುತ್ತಾರೆ. ಒಂದು ಕಡೆ ದುಂಡು ಸಾಕೆಟ್, ಇನ್ನೊಂದು ಕಡೆ ಎರಡು ಬಾಲ.

ಬರೀ ಕಡ್ಡಿ ಆಂಟೆನಾ ಇರುವ ಚಿಕ್ಕ ರೇಡಿಯೊವನ್ನು ಚಾಲೂ ಕೇಬಲ್ಲಿಗೆ ಜೋಡಿಸಬೇಡಿ ಅನ್ನುವುದೇ ನನ್ನ ಮಾತು. ಅಲ್ಲಿ ಕೊನೆಗೆ ಒಂದು ತುಂಡು ಬರಿ ತಂತಿ ಉಳಿದೇ ಉಳಿಯುತ್ತದೆ, ಮತ್ತೆ ಅದೇ ಸೋರಿಕೆ. ಅದಕ್ಕೆ ಕೆಳಗೆ ಹೇಳುವ ಡೈಪೋಲ್ ಅನ್ನುವ ಎರಡು ತಂತಿಯ ಆಂಟೆನಾ ಒಳ್ಳೆಯದು.

ಜೋಡಿಸಿದ ಮೇಲೆ ಪಟ್ಟಿ ಹಿಡಿದು ಮತ್ತೊಮ್ಮೆ ಕೇಳಿ. ಒಂದೇ ಸ್ಟೇಷನ್ ಎರಡು ಮೂರು ಕಡೆ ಸಿಗುತ್ತಿದ್ದರೆ, ಅಥವಾ ಒಂದರ ಮೇಲೆ ಇನ್ನೊಂದು ಮಾತಾಡುತ್ತಿದ್ದರೆ, ಸಿಗ್ನಲ್ ಜಾಸ್ತಿಯಾಗಿದೆ. ಕೇಬಲ್ ಸಾಕೆಟ್ಟಿನಲ್ಲಿ ಸಾಮಾನ್ಯವಾಗಿ 1ರಿಂದ 10 ಮಿಲಿವೋಲ್ಟ್‌ನಷ್ಟು ಸಿಗ್ನಲ್ ಇರುತ್ತದೆ. ರೇಡಿಯೊಗೆ ಅದರ ಎಷ್ಟೋ ಪಾಲು ಕಡಿಮೆ ಸಾಕು. 10 ಡೆಸಿಬೆಲ್ ಅಟೆನ್ಯುಯೇಟರ್ ಅನ್ನುವ ಬೆರಳುದ್ದದ ಬಿಡಿಭಾಗವನ್ನು ರೇಡಿಯೊ ಬಳಿ ಸಿಕ್ಕಿಸಿ. ಸಾಲದಿದ್ದರೆ 20ರದ್ದು. ಜನ ಬೂಸ್ಟರ್ ಹಾಕಲು ಓಡುತ್ತಾರೆ, ಇಲ್ಲಿ ಬೇಕಾದದ್ದು ಅದರ ಉಲ್ಟಾ.

ಮ್ಯೂಸಿಕ್ ಸಿಸ್ಟಂಗೆ ಹಾಕಿದಾಗ ಸ್ಪೀಕರಿನಿಂದ ಗುಂ ಅಂತ ಒಂದೇ ಸಮ ಸದ್ದು ಬಂದು, ಕೇಬಲ್ ತೆಗೆದರೆ ನಿಂತರೆ, ಅದು ಅರ್ಥಿಂಗ್ ಸುತ್ತು ಹಾಕುವುದರಿಂದ ಬರುವ ಸದ್ದು. ಗ್ಯಾಲ್ವನಿಕ್ ಐಸೊಲೇಟರ್ ಅನ್ನುವ ಸಣ್ಣ ಜೋಡಣೆ ವೈರಿನ ನಡುವೆ ಹಾಕಿದರೆ ನಿಲ್ಲುತ್ತದೆ.

ಕೇಬಲ್ಲಿನಲ್ಲಿ ಎಫ್‌ಎಂ ಇಲ್ಲದಿದ್ದರೆ

ಸೆಟ್ ಟಾಪ್ ಬಾಕ್ಸ್‌ನ ಚಾನೆಲ್ ಪಟ್ಟಿಯ ಕೊನೆಯವರೆಗೆ ಒಮ್ಮೆ ಹೋಗಿ ನೋಡಿ. ಡಿಜಿಟಲ್ ಕೇಬಲ್ಲಿನಲ್ಲಿ ಎಷ್ಟೋ ಕಡೆ ರೇಡಿಯೊ ಚಾನೆಲ್‌ಗಳು ಟಿವಿ ಚಾನೆಲ್‌ಗಳ ಜೊತೆಗೇ ಬರುತ್ತವೆ. ಸಿಕ್ಕರೆ ಬಾಕ್ಸ್‌ನ ಹಿಂದಿನ ಕೆಂಪು, ಬಿಳಿ ಆಡಿಯೊ ಪಿನ್‌ಗಳಿಂದ ಮ್ಯೂಸಿಕ್ ಸಿಸ್ಟಂನ ಆಕ್ಸ್‌ಗೆ ವೈರ್ ಹಾಕಿ. ಟಿವಿ ಆಫ್ ಇದ್ದರೂ ಹಾಡು ಬರುತ್ತದೆ, ಕೊರಕೊರ ಇರುವುದೇ ಇಲ್ಲ. ಡಿಜಿಟಲ್ ಸ್ವಲ್ಪ ತಡವಾಗಿ ಬರುತ್ತದೆ. ಅದರಲ್ಲಿ ಕೇಳಿಸುವ ಗಂಟೆಯ ಬೀಪ್ ನೋಡಿ ಗಡಿಯಾರ ಸರಿಮಾಡಿಕೊಳ್ಳಬೇಡಿ.

ಇನ್ನೊಂದು ದಾರಿ ನನಗೆ ಬಹಳ ಇಷ್ಟದ್ದು. ಈಗ ಬಳಸದೆ ಬಿಟ್ಟಿರುವ ಹಳೆಯ ಕೇಬಲ್ ವೈರ್ ಮನೆಯಲ್ಲಿದ್ದರೆ, ಅದರ ಎರಡೂ ತುದಿ ಯಾವ ಲೈನಿಗೂ, ಯಾವ ಸ್ಪ್ಲಿಟರಿಗೂ ಸೇರಿಲ್ಲ ಅನ್ನುವುದು ಖಚಿತವಾದರೆ, ಅದರ ತುದಿಗೆ ನೀವೇ ಆಂಟೆನಾ ಕಟ್ಟಬಹುದು. ಚಾಲೂ ಕೇಬಲ್ಲಿಗೆ ಮಾತ್ರ ಇದನ್ನು ಎಂದೂ ಸೇರಿಸಬೇಡಿ. ಇಡೀ ಜಾಲಕ್ಕೆ ಗದ್ದಲ ಹೋಗುತ್ತದೆ.

ಎಫ್‌ಎಂ ನಡುಭಾಗವಾದ 98 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಸುಮಾರು 3 ಮೀಟರ್. ಅದರ ಕಾಲು ಭಾಗಕ್ಕಿಂತ ಚೂರು ಕಡಿಮೆ, ಅಂದರೆ 73 ಸೆಂಟಿಮೀಟರಿನ ಎರಡು ತಂತಿ ಕತ್ತರಿಸಿ. ಒಂದು ಮರದ ಪಟ್ಟಿ ಅಥವಾ ಪ್ಲಾಸ್ಟಿಕ್ ಪೈಪಿನ ಮೇಲೆ ಅವನ್ನು ಒಂದೇ ಗೆರೆಯಲ್ಲಿ, ನಡುವೆ ಒಂದೆರಡು ಸೆಂಟಿಮೀಟರ್ ಬಿಟ್ಟು ಕಟ್ಟಿ. ವೈರಿನ ನಡುವಿನ ತಂತಿ ಒಂದಕ್ಕೆ, ಜಾಲರಿ ಇನ್ನೊಂದಕ್ಕೆ. ಗಟ್ಟಿಯಾಗಿ ಸುತ್ತಿ, ಸಾಧ್ಯವಾದರೆ ಬೆಸುಗೆ ಹಾಕಿ, ಟೇಪ್ ಸುತ್ತಿ. ಅದರ ಹತ್ತಿರವೇ ವೈರನ್ನು ಅಂಗೈ ಅಗಲದ ಐದಾರು ಸುತ್ತು ಸುತ್ತಿ ಕಟ್ಟಿದರೆ ಜಾಲರಿಯ ಮೂಲಕ ಬರುವ ಗದ್ದಲ ಕಡಿಮೆಯಾಗುತ್ತದೆ. ಇದೇ ಡೈಪೋಲ್. ಇದರ ಅಳತೆ ತಾನಾಗಿಯೇ 75 ಓಮ್ ಹತ್ತಿರ ಬರುತ್ತದೆ, ಹಾಗಾಗಿ ಟಿವಿ ವೈರ್ ಇದಕ್ಕೆ ಹೇಳಿ ಮಾಡಿಸಿದ ಜೋಡಿ. ಆರ್‌ಜಿ-6 ವೈರ್ 30 ಮೀಟರ್ ಉದ್ದ ಇದ್ದರೂ ಎಫ್‌ಎಂನಲ್ಲಿ ಕಳೆದುಹೋಗುವುದು ಸುಮಾರು 2 ಡೆಸಿಬೆಲ್ ಅಷ್ಟೇ. ಎತ್ತರದಿಂದ ಸಿಗುವ ಲಾಭ ಅದಕ್ಕಿಂತ ಎಷ್ಟೋ ಜಾಸ್ತಿ.

ರೇಡಿಯೊದಲ್ಲಿ ಸಾಕೆಟ್ ಇದ್ದರೆ ನೇರ ಹಾಕಿ. ಕಡ್ಡಿ ಮಾತ್ರ ಇದ್ದರೆ, ನಡುವಿನ ತಂತಿಗೆ ಅರ್ಧ ಮೀಟರ್ ಪ್ಲಾಸ್ಟಿಕ್ ಹೊದಿಕೆಯ ತಂತಿ ಸೇರಿಸಿ, ಅದನ್ನು ಕಡ್ಡಿಯ ಬುಡದಲ್ಲಿ ಆರೇಳು ಸುತ್ತು ಸುತ್ತಿ. ಲೋಹ ಲೋಹಕ್ಕೆ ತಾಗಬೇಕೆಂದಿಲ್ಲ.

ಡೈಪೋಲನ್ನು ಮೊದಲು ಮಲಗಿಸಿ ಹಿಡಿದು, ನಿಧಾನವಾಗಿ ಸುತ್ತ ತಿರುಗಿಸಿ. ತಂತಿಯ ತುದಿ ಸ್ಟೇಷನ್ ಕಡೆಗಿದ್ದಾಗ ಸಿಗ್ನಲ್ ತೀರಾ ಕಡಿಮೆ, ಅಡ್ಡಲಾಗಿ ಇದ್ದಾಗ ಜಾಸ್ತಿ. ಆಮೇಲೆ ನೆಟ್ಟಗೆ ನಿಲ್ಲಿಸಿಯೂ ನೋಡಿ. ಕೆಲವು ಸ್ಟೇಷನ್ ಹಾಗೆ ಇನ್ನೂ ಚೆನ್ನಾಗಿ ಬರುತ್ತವೆ. ಒಬ್ಬರು ರೇಡಿಯೊ ಬಳಿ ಕೂತು ಹೇಳುತ್ತಿದ್ದರೆ ಕೆಲಸ ಬೇಗ ಆಗುತ್ತದೆ. ಅಟ್ಟದ ಮೇಲೆ ಅಥವಾ ಕಿಟಕಿಯ ಮೇಲ್ಭಾಗದಲ್ಲಿ ಜಾಗ ಸಿಕ್ಕರೆ ಹೊರಗೆ ಹೋಗುವ ಅಗತ್ಯ ಇಲ್ಲ. ಚಾವಣಿಯ ಮೇಲೇ ಕಟ್ಟುವುದಾದರೆ ಕರೆಂಟ್ ಲೈನಿನಿಂದ ದೂರ ಇರಲಿ, ಕಂಬಕ್ಕೆ ಅರ್ಥಿಂಗ್ ಕೊಡಿಸಿ. ಗುಡುಗು ಶುರುವಾಗುವುದಕ್ಕೆ ಮುಂಚೆಯೇ ವೈರನ್ನು ರೇಡಿಯೊದಿಂದ ಬಿಚ್ಚಿ ಪಕ್ಕಕ್ಕಿಡಿ. ಮಳೆಗಾಲದ ನಂತರ ಒಂದು ಸಲ ಮೇಲೆ ಹತ್ತಿ ಬೆಸುಗೆಯ ಜಾಗ ನೋಡಿ. ನೀರು ಇಳಿದು ಜಾಲರಿ ಹಸಿರಾಗಿದ್ದರೆ ಅಷ್ಟು ಭಾಗ ಕತ್ತರಿಸಿ ಹೊಸದಾಗಿ ಕಟ್ಟಬೇಕು.